ಸೀಬೆ ಎಲೆ ಕಪ್ಪಾಯಿತೇ? ಮೊದಲು ಮಗುಚಿ ನೋಡಿ

ಹಿತ್ತಲಿನ ಸೀಬೆ ಮರದ ಎಲೆಗೆ ಮಸಿ ಹತ್ತಿದಂತೆ ಕಂಡ ಕೂಡಲೇ ಅಂಗಡಿಗೆ ಓಡಿ ‘ಯಾವುದಾದ್ರೂ ಔಷಧಿ ಕೊಡಿ’ ಎನ್ನುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. ಎಲೆ ಮಗುಚಿ ನೋಡಿ. ಹತ್ತಿಯಂಥ ಬಿಳಿ ಪುಡಿ ಅಂಟಿಕೊಂಡಿದ್ದರೆ ಅದು ಹಿಟ್ಟು ತಿಗಣೆ. ರಸ ಹೀರಿ ಸಿಹಿ ಅಂಟು ಸುರಿಸುತ್ತದೆ. ಆ ಅಂಟಿನ ಮೇಲೆ ಬೆಳೆದ ಬೂಷ್ಟೇ ನೀವು ನೋಡಿದ ಮಸಿ.

ಮೊದಲು ಇರುವೆ ಸಾಲು ತಪ್ಪಿಸಿ. ಅಂಟಿನ ಆಸೆಗೆ ಇರುವೆಗಳು ತಿಗಣೆಯನ್ನು ದನದಂತೆ ಕಾಯುತ್ತವೆ. ಕಾಂಡದ ಸುತ್ತ ಅಗಲವಾದ ಪ್ಲಾಸ್ಟಿಕ್ ಟೇಪ್ ಬಿಗಿಯಾಗಿ ಸುತ್ತಿ, ಟೇಪಿನ ಮೇಲೆ ಮಾತ್ರ ಗ್ರೀಸ್ ಸವರಿ. ಕಾಂಪೌಂಡಿಗೆ ತಾಗುವ ರೆಂಬೆ ಕತ್ತರಿಸಿ, ಇಲ್ಲದಿದ್ದರೆ ಅಲ್ಲಿಂದಲೇ ಹತ್ತುತ್ತವೆ.

ಆಮೇಲೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ. ಅರ್ಧದಷ್ಟು ತಿಗಣೆ ಹೀಗೇ ಉದುರಿದರೂ ಲಾಭವೇ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರವ. ಚೆನ್ನಾಗಿ ಕಲಕಿ, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಮೊದಲ ದಿನ ನಾಲ್ಕೈದು ಎಲೆಗೆ ಮಾತ್ರ ಹಾಕಿ ನೋಡಿ. ಸುಡದಿದ್ದರೆ ಇಡೀ ಮರಕ್ಕೆ. ವಾರ ಬಿಟ್ಟು ಮತ್ತೊಮ್ಮೆ.

ಘಾಟು ವಿಷ ಯಾಕೆ ಬೇಡ? 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿಗೆ ಹೊಸದೊಂದು ಹಿಟ್ಟು ತಿಗಣೆ ಕಾಣಿಸಿಕೊಂಡು ಸುತ್ತಲ ರಾಜ್ಯಗಳಿಗೂ ಹರಡಿತು. ಅದನ್ನು ಬಗ್ಗಿಸಿದ್ದು 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿದ ಸಣ್ಣ ಕಣಜಗಳು. ತಿಗಣೆಯೊಳಗೇ ಮೊಟ್ಟೆ ಇಡುವ ಇಂಥ ಕಣಜಗಳು ವಿಷಕ್ಕೆ ಸುಲಭವಾಗಿ ಸಾಯುತ್ತವೆ. ಮೇಣದ ಹೊದಿಕೆಯ ತಿಗಣೆ ಉಳಿದುಬಿಡುತ್ತದೆ!

ನಿಂಬೆಯ ಕಥೆಯೇ ಬೇರೆ. ಚಿಗುರೆಲೆಯಲ್ಲಿ ಬೆಳ್ಳಿ ಗೆರೆ ಎಳೆದಂತಿದ್ದರೆ ಅದು ರಂಗೋಲಿ ಹುಳು. ಅದು ಮಾಡಿದ ಗಾಯದಲ್ಲಿ ಕಜ್ಜಿ ರೋಗ ಸುಲಭವಾಗಿ ಹೊಕ್ಕುತ್ತದೆ. ಎಲೆ, ಕಾಯಿಯ ಮೇಲೆ ಒರಟು ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ಮಳೆಗಾಲಕ್ಕೆ ಮುಂಚೆ ಅಂಥ ಕಡ್ಡಿಗಳನ್ನು ಕತ್ತರಿಸಿ ಸುಟ್ಟು, ಶೇ 1ರ ಬೋರ್ಡೋ ದ್ರಾವಣ ಹೊಡೆಯಿರಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುತ್ತಾರಲ್ಲ, ಅದೇ. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಕಬ್ಬಿಣದ್ದು ಬೇಡ. ಸುಣ್ಣದ ನೀರಿಗೆ ತುತ್ತದ ನೀರು ಸುರಿಯಿರಿ. ಹೊಳೆಯುವ ಚಾಕು ಅದ್ದಿ ನೋಡಿ, ತಾಮ್ರದ ಬಣ್ಣ ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕು. ಅಂದಂದಿನದನ್ನು ಅಂದೇ ಮುಗಿಸಿ. ಕೈಗವಸು, ಕನ್ನಡಕ ಮರೆಯಬೇಡಿ.

ಇನ್ನು ಸೀಬೆಯೊಳಗಿನ ಹುಳು. ಹಣ್ಣು ನೊಣ ಒಳಗೆ ಮೊಟ್ಟೆ ಇಟ್ಟ ಮೇಲೆ ಯಾವ ಸಿಂಪಡಣೆಯೂ ಸುಮ್ನೆ. ಬಿದ್ದ ಹಣ್ಣನ್ನು ದಿನಾ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ. ಗೊಬ್ಬರದ ಗುಂಡಿಗೆ ಹಾಕಿದರೆ ಹುಳು ಮಣ್ಣಿಗಿಳಿದು ನೊಣವಾಗಿ ಮರಳುತ್ತದೆ. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಕಾಗದದ ಚೀಲ ಕಟ್ಟಿ. ಓದಿ ಮುಗಿಸಿದ ಈ ಪುರವಣಿಯೂ ಆದೀತು. ಮಳೆಗಾಲದಲ್ಲಿ ಮಾತ್ರ ಹಳೇ ಪಂಚೆಯ ತುಂಡೇ ವಾಸಿ.