ಅವಳಿ ಗರ್ಭಕ್ಕೆ ಸ್ಟೀರಾಯ್ಡ್: ಲೆಕ್ಕ ತಪ್ಪದ ಹಾಗೆ ಕೊಡುವುದು ಹೇಗೆ?

ಅವಳಿ ಬಸುರಿಯಲ್ಲಿ ದಿನ ತುಂಬುವ ಮೊದಲೇ ನೋವು ಬರುವುದು ಅಪರೂಪವೇನಲ್ಲ. ಸಕಲೇಶಪುರ, ಮೂಡಿಗೆರೆಯಿಂದ ಹಾಸನಕ್ಕೆ ಕಳಿಸುವ ಗಡಿಬಿಡಿಯಲ್ಲಿ ಎಡವಟ್ಟಾಗುವುದು ಡೆಕ್ಸಾಮೆಥಾಸೋನ್ ಲೆಕ್ಕದಲ್ಲಿ. ದಿನ ತುಂಬದೆ ಹುಟ್ಟುವ ಮಕ್ಕಳ ಶ್ವಾಸಕೋಶ ಬಲಿಯಲೆಂದು ತಾಯಿಗೆ ಚುಚ್ಚುವ ಸ್ಟೀರಾಯ್ಡ್ ಇದು.

ಮೊದಲು ವಾರ ಖಚಿತಪಡಿಸಿಕೊಳ್ಳಿ. ಮೊದಲ ಮೂರು ತಿಂಗಳ ಸ್ಕ್ಯಾನ್ ಇದ್ದರೆ ಅದನ್ನೇ ನಂಬಿ. ಅವಳಿಯಲ್ಲಿ ಹೊಟ್ಟೆಯ ಗಾತ್ರ ಮೋಸ ಮಾಡುತ್ತದೆ. 24ರಿಂದ 34 ವಾರದೊಳಗಿದ್ದು, ಏಳು ದಿನದಲ್ಲಿ ಹೆರಿಗೆಯಾಗುವ ಸಂಭವ ಇದ್ದರೆ ಮಾತ್ರ ಕೊಡಬೇಕು. ‘ಹೇಗೂ ಅವಳಿ, ಈಗಲೇ ಹಾಕಿಬಿಡೋಣ’ ಎನ್ನಬೇಡಿ. ವಾರ ಕಳೆದರೆ ಪ್ರಯೋಜನ ಕುಗ್ಗುತ್ತದೆ. ಜ್ವರ, ದುರ್ವಾಸನೆಯ ಸ್ರಾವ ಇದ್ದರೆ ತಜ್ಞರ ಮಾತು ಕೇಳದೆ ಸೂಜಿ ಎತ್ತಬೇಡಿ.

ಇನ್ನು ಡೋಸ್. ಸಾಮಾನ್ಯ ವಯಲ್‌ನಲ್ಲಿ 2 ಎಂ.ಎಲ್., ಪ್ರತಿ ಎಂ.ಎಲ್.ಗೆ 4 ಮಿ.ಗ್ರಾಂ. ಬೇಕಿರುವುದು 6 ಮಿ.ಗ್ರಾಂ, ಅಂದರೆ 1.5 ಎಂ.ಎಲ್. ಪೂರ್ತಿ ವಯಲ್ ಎಳೆದರೆ 8 ಮಿ.ಗ್ರಾಂ ಹೋಗುತ್ತದೆ, 1 ಎಂ.ಎಲ್. ಎಳೆದರೆ 4 ಮಾತ್ರ. ಲೇಬಲ್ ಓದಿಯೇ ಎಳೆಯಿರಿ. ಸ್ನಾಯುವಿಗೆ ಆಳವಾಗಿ, 12 ಗಂಟೆಗೊಂದರಂತೆ ಒಟ್ಟು ನಾಲ್ಕು. ಎರಡು ಮಗು ಎಂದು ಎರಡರಷ್ಟು ಕೊಡಬಾರದು. ಒಂಟಿ ಮಗುವಿನ ಡೋಸೇ ಇಲ್ಲಿಗೂ. ನೋವು ಜೋರಾಯಿತೆಂದು ನಡುವಿನ ಅಂತರ ಕುಗ್ಗಿಸಬೇಡಿ. ಕೋರ್ಸ್ ಮುಗಿಯಲೆಂದು ಆಂಬ್ಯುಲೆನ್ಸ್ ತಡೆಯುವುದೂ ಬೇಡ: ಮೊದಲ ಡೋಸ್ ಕೊಟ್ಟು ಕಳಿಸಿ, ಉಳಿದದ್ದು ಅಲ್ಲಿ.

ಆ ‘ಉಳಿದದ್ದು’ ತಪ್ಪುವುದು ಚೀಟಿಯಲ್ಲಿ. ‘ಸ್ಟೀರಾಯ್ಡ್ ಕೊಟ್ಟಿದೆ’ ಎಂದಷ್ಟೇ ಬರೆದರೆ ಒಬ್ಬರು ಮತ್ತೆ ಮೊದಲಿಂದ ಹಾಕುತ್ತಾರೆ, ಇನ್ನೊಬ್ಬರು ಮುಗಿದಿದೆಯೆಂದು ಬಿಡುತ್ತಾರೆ. ‘ಡೆಕ್ಸಾ 6 ಮಿ.ಗ್ರಾಂ, ಮೊದಲನೆಯದು, ರಾತ್ರಿ 9.40, ಮುಂದಿನದು ಬೆಳಿಗ್ಗೆ 9.40’ ಎಂದು ತಾಯಿ ಕಾರ್ಡ್ ಮೇಲೂ ರೆಫರಲ್ ಚೀಟಿ ಮೇಲೂ ಬರೆಯಿರಿ. ಜೊತೆಗೆ ಹೋಗುವ ಅಮ್ಮನಿಗೋ ಅತ್ತೆಗೋ ಬಾಯಲ್ಲೂ ಹೇಳಿ.

ಅಂದಹಾಗೆ, ಪ್ರೆಡ್ನಿಸೋಲೋನ್ ಮಾತ್ರೆ ಇದಕ್ಕೆ ಬದಲಿಯಲ್ಲ. ಮಾಸು ಅದರ ಬಹುಪಾಲನ್ನು ತಡೆದುಬಿಡುತ್ತದೆ.

ಸಕಾಲದಲ್ಲಿ ಕೊಟ್ಟರೆ ಮಕ್ಕಳಲ್ಲಿ ಉಸಿರಾಟದ ತೊಂದರೆ, ಮಿದುಳಿನ ರಕ್ತಸ್ರಾವ, ಸಾವಿನ ಅಪಾಯ ಕಡಿಮೆಯಾಗುತ್ತವೆ. ಇದರ ಆಧಾರ ಬಹುಪಾಲು ಒಂಟಿ ಮಕ್ಕಳ ಅಧ್ಯಯನಗಳು. ಅವಳಿಗಳಲ್ಲಿ ಮಾಹಿತಿ ಕಡಿಮೆ, ಆದರೂ ಕೊಡುವುದೇ ಪದ್ಧತಿ. ವಾರ ವಾರಕ್ಕೂ ಹಾಕುತ್ತ ಹೋದರೆ ಮಕ್ಕಳ ತೂಕಕ್ಕೆ ಪೆಟ್ಟು.

ಚುಚ್ಚಿದ ಮೇಲೆ ಒಂದೆರಡು ದಿನ ಮಕ್ಕಳ ಮಿಸುಕಾಟ ಕಡಿಮೆಯಾಗಬಹುದು. ಸ್ಟೀರಾಯ್ಡ್‌ದೇ ಇರಬೇಕೆಂದು ಸುಮ್ಮನಿರದೆ ತೋರಿಸಿ. ತಾಯಿಯ ಸಕ್ಕರೆ ಕೆಲ ದಿನ ಏರುತ್ತದೆ. ಮಧುಮೇಹವಿದ್ದರೆ ಆಸ್ಪತ್ರೆಯಲ್ಲೇ ಇರಿಸಬೇಕು. ಹುಟ್ಟಿದ ಮಕ್ಕಳಿಗೆ ಸಕ್ಕರೆ ಇಳಿಯಬಹುದು. ಮೊದಲನೆಯದಕ್ಕೆ ಸರಿಯಿದೆ ಎಂದು ಎರಡನೆಯದನ್ನು ಬಿಡದೆ, ಇಬ್ಬರಿಗೂ ಬೇರೆಬೇರೆ ಹಿಮ್ಮಡಿ ಚುಚ್ಚಿ ನೋಡಿ.