ಗುಂಟೆ 39 ದಾಟಬಾರದು

ಈ ಸೀಸನ್‌ನಲ್ಲಿ ರೈತರ ಖಾತೆಗೆ ಕಳಿಸಿದ ಒಂದೇ ಒಂದು ಪೇಮೆಂಟ್ ವಾಪಸ್ ಬಂದಿಲ್ಲ. ಆ್ಯಪ್ಪಿಗೆ ಬಿದ್ದ ಎಂಟ್ರಿ ಸುಮಾರು 4,500. ತೀರ್ಥಹಳ್ಳಿ ಕಡೆಯ ಅಡಿಕೆ ಸೊಸೈಟಿಯೊಂದಕ್ಕೆ ನಾನು ಮಾಡಿಕೊಟ್ಟ ಆ್ಯಪ್ ಇದು. ಸೇವ್ ಆಗುವ ಮೊದಲೇ ಎಲ್ಲ ಫೀಲ್ಡ್ (ಫಾರ್ಮಿನಲ್ಲಿ ತುಂಬುವ ಖಾನೆ) ಚೆಕ್ ಮಾಡುತ್ತೇನೆ ಅಂದಾಗ ಯಾರೂ ಒಪ್ಪಿರಲಿಲ್ಲ. "ಜನ ಚೀಲ ಇಳಿಸಿ ನಿಂತಿರ್ತಾರೆ ಮಾರಾಯ, ನಿನ್ನ ಕೆಂಪು ಗೆರೆ ನೋಡ್ತಾ ಕೂರೋಕಾಗುತ್ತಾ?" ಅಂದಿದ್ದರು ಅಲ್ಲಿ ಲೆಕ್ಕ ಬರೆಯುವ ರೈಟರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಸೇವ್ ಒತ್ತಿದ ಮೇಲೆ ಎಲ್ಲ ತಪ್ಪನ್ನೂ ಒಟ್ಟಿಗೆ ತೋರಿಸುತ್ತಿದ್ದೆ. ಅವರು ಮೊಬೈಲ್ ನಂಬರಿಗೆ ಹತ್ತು ಸಲ 9 ಒತ್ತಿ ಮುಂದೆ ಹೋದರು. ನನ್ನ ರೂಲ್ ಅದನ್ನು ಪಾಸ್ ಮಾಡಿತು! ಐಎಫ್‌ಎಸ್‌ಸಿಯಲ್ಲಿ ಇನ್ನೂ ಕಷ್ಟ. ಬ್ಯಾಂಕ್ ಶಾಖೆಯ ಆ ಕೋಡಿಗೆ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಹೊಡೆದರೆ ಕಣ್ಣಿಗೆ ಗೊತ್ತೇ ಆಗಲ್ಲ. ಮೂವತ್ತು ಮೂವತ್ತೈದು ಪೇಮೆಂಟ್ ವಾಪಸ್ ಬಂತು. ನನಗೆ ಬರಬೇಕಿದ್ದ 18,000 ಅಲ್ಲೇ ನಿಂತಿತು.

ಈಗ ಫೀಲ್ಡ್ ಬಿಟ್ಟು ಮುಂದಿನದಕ್ಕೆ ಹೋಗುವಾಗಲೇ ಚೆಕ್. ಐದನೇ ಜಾಗದಲ್ಲಿ 'ಓ' ಬಂದರೆ ಆ್ಯಪ್ಪೇ ಸೊನ್ನೆ ಮಾಡುತ್ತೆ. ಕೆಲವನ್ನು ತಡೆಯುತ್ತೇನೆ, ಕೆಲವನ್ನು ಕೇಳುತ್ತೇನೆ ಅಷ್ಟೆ. ಚೀಲದ ತೂಕ 68.5 ಬದಲು 685 ಅಂತ ಬಿದ್ದರೆ "ಹೌದಾ?" ಅನ್ನುತ್ತೆ. ಆ ಮಿತಿಯನ್ನು ದಿನಾ ಹೇಗೆ ಬದಲಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ಜಾಸ್ತಿ ಕಾಡಿದ್ದು ಎಕರೆ. ಬೆಳೆಸಾಲಕ್ಕೆ ತೋಟದ ಅಳತೆ ಬೇಕಲ್ವಾ, ಒಂದೇ ಡೆಸಿಮಲ್ ಫೀಲ್ಡ್ ಇಟ್ಟಿದ್ದೆ. ನಮ್ಮವರಿಗೆ 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಡೇಟಾಬೇಸಿಗೆ ಅದು ಬರೀ 2.2. ಕೊನೆಗೆ ಫೀಲ್ಡ್ ಎರಡು ಮಾಡಿದೆ, ಗುಂಟೆಗೆ 0ಯಿಂದ 39. ಹಳೇ ಎಂಟ್ರಿ ಸರಿ ಮಾಡಲು ಪಹಣಿ ಹಿಡಿದು ಮೂರು ವಾರ ಕೂತೆ. ಅದಕ್ಕೆ ಒಂದು ಪೈಸೆ ಕೇಳಲಿಲ್ಲ.

ನಡುವೆ ಹೆಸರುಗಳ ಹಿಂದೆ ಬಿದ್ದೆ. ಗಂಗಾಧರ ಅಂತ ಹುಡುಕಿದರೆ ಸಿಗುತ್ತಿರಲಿಲ್ಲ, ಪರದೆ ಮೇಲೆ ಮಾತ್ರ ಹೆಸರು ಸರಿಯಾಗೇ ಇತ್ತು. ಒಂದೊಂದು ಅಕ್ಷರದ ಕೋಡ್ ಬಿಡಿಸಿ ನೋಡಿದರೆ ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಕೂತಿದೆ! ಅಕ್ಷರದ ಪಕ್ಕ ಅಂಕಿ ಕಂಡರೆ ಈಗ ನಿಲ್ಲಿಸುತ್ತೇನೆ. ಅದೇ ಗುಂಗಲ್ಲಿ ಇನ್ನೊಂದು ಸಿಕ್ಕಿತು. ಬರಹದ ನಮೂನೆ ಚೆಕ್ ಮಾಡೋಕೆ ರೆಜೆಕ್ಸ್ ಅಂತ ಇದೆ; ಸರ್ವರಿನಲ್ಲಿರುವ ಪೈಥಾನ್ ರೆಜೆಕ್ಸ್‌ನ ಅಂಕಿ ಗುರುತು ಕನ್ನಡ ಅಂಕಿಯನ್ನೂ ಒಪ್ಪುತ್ತೆ, ಫಾರ್ಮಿನಲ್ಲಿರುವ ಜಾವಾಸ್ಕ್ರಿಪ್ಟಿನದು ಒಪ್ಪಲ್ಲ. ಫಾರ್ಮ್ ಬಿಟ್ಟು ಎಕ್ಸೆಲ್‌ನಿಂದ ನೇರ ಬಂದ ಪಟ್ಟಿಯನ್ನು ಸರ್ವರ್ ಸುಮ್ನೆ ಒಳಗೆ ಬಿಟ್ಟುಕೊಂಡಿತ್ತು. ಆಮೇಲೆ ತಪ್ಪು ಸಾಲು ಒಳಗೇ ಬರದಂತೆ ಡೇಟಾಬೇಸಿನ ಟೇಬಲ್ಲಿಗೇ ಚೆಕ್ ಕನ್‌ಸ್ಟ್ರೇಂಟ್ ಹಾಕಿದೆ.

ಬಾಕಿ ಇರೋದು ಸರ್ವೆ ನಂಬರ್. 12/3 ಅಂತ ಹಾಕಿದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡಿಬಿಡುತ್ತೆ. ಸದ್ಯಕ್ಕೆ ತಾರೀಖು ಕಂಡ ಸಾಲನ್ನು ಹಾಗೇ ವಾಪಸ್ ಕಳಿಸುತ್ತಿದ್ದೇನೆ. ಮಳೆ ಬಿಡುವುದರೊಳಗೆ ಇದನ್ನೂ ಮುಗಿಸಬೇಕು. ಕೊಯ್ಲು ಶುರುವಾದರೆ ರೈಟರಿಗೆ ಪುರುಸೊತ್ತು ಇರಲ್ಲ.