ಬೆಳ್ಳಗೇ ಇದ್ದ ಮಾತ್ರೆ

ಅಪ್ಪನಿಗೊಂದು ಅಭ್ಯಾಸ. ಮೆಡಿಕಲ್ ಶಾಪ್‌ನಿಂದ ತಂದ ತಕ್ಷಣ ಆಸ್ಪಿರಿನ್ ಮಾತ್ರೆಗಳನ್ನೆಲ್ಲ ಸ್ಟ್ರಿಪ್‌ನಿಂದ ಬಿಡಿಸಿ ಒಂದು ಸ್ಟೀಲ್ ಡಬ್ಬಿಗೆ ಸುರಿದುಬಿಡುತ್ತಾರೆ, ಆ ಡಬ್ಬಿ ಇರುವುದು ಅಡುಗೆಮನೆಯಲ್ಲಿ, ಅನ್ನದ ಕುಕ್ಕರ್ ಪಕ್ಕದ ಗೂಡಲ್ಲಿ. ಒಂದು ಸಲ ಮುಚ್ಚಳ ತೆಗೆದೆ. ವಿನೆಗರ್ ವಾಸನೆ! ಅಪ್ಪನಿಗೆ ತೋರಿಸಿದರೆ, "ಏನಾಗಿದೆಯೋ ಅದಕ್ಕೆ? ಬೆಳ್ಳಗೇ ಇದೆಯಲ್ಲ" ಅಂದರು.

ನಾನು ಔಷಧಿ ಕಂಪನಿಯೊಂದರ ಲ್ಯಾಬ್‌ನಲ್ಲಿ ಸ್ಟೆಬಿಲಿಟಿ ವಿಭಾಗದವನು, ಅಂದರೆ ಔಷಧಿ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಅಂತ ನೋಡುವವನು. ನಮ್ಮ ಚೇಂಬರ್‌ನಲ್ಲಿ ಸದಾ 40 ಡಿಗ್ರಿ ಸೆಲ್ಸಿಯಸ್ ಶಾಖ, ಶೇ 75 ತೇವಾಂಶ. ಮಾತ್ರೆಗಳನ್ನು ಮಾರುವ ಪ್ಯಾಕ್‌ನಲ್ಲೇ 6 ತಿಂಗಳು ಅಲ್ಲಿಟ್ಟು, ನಡುನಡುವೆ ತೆಗೆದು ಔಷಧಿ ಎಷ್ಟು ಉಳಿದಿದೆ ಅಂತ ಅಳೆಯುತ್ತೇವೆ. ಶುರುವಿನಲ್ಲಿ ಇದ್ದದ್ದಕ್ಕಿಂತ ಶೇ 5 ವ್ಯತ್ಯಾಸವಾದರೆ ಸಾಕು, ದೊಡ್ಡ ಬದಲಾವಣೆ ಅಂತಲೇ ಲೆಕ್ಕ. ಕಣ್ಣಿಗೆ ಏನೂ ಕಾಣಿಸುವುದಿಲ್ಲ.

ಇದನ್ನೆಲ್ಲ ಅಪ್ಪನಿಗೆ ಹೇಳಿದರೆ ತಲೆಗೆ ಹೋಗಲ್ಲ. ಅದಕ್ಕೇ ಮಾಡಿ ತೋರಿಸೋಣ ಅಂತ ಲ್ಯಾಬ್‌ನ ಹಳೇ ಓವನ್ನಿಗೆ 40 ಡಿಗ್ರಿ ಇಟ್ಟೆ. ತೇವಾಂಶಕ್ಕೆ ಉಪ್ಪೇ ಸಾಕು: ಬಿಗಿ ಮುಚ್ಚಳದ ಡಬ್ಬದಲ್ಲಿ ಅಡುಗೆ ಉಪ್ಪಿಗೆ ನೀರು ಹಾಕಿ ಇಟ್ಟರೆ ಒಳಗಿನ ಗಾಳಿ ಹೆಚ್ಚುಕಮ್ಮಿ ಶೇ 75ಕ್ಕೆ ನಿಲ್ಲುತ್ತದೆ. ಮೊದಲ ಸಲ ನೀರು ಜಾಸ್ತಿ ಹಾಕಿ ಉಪ್ಪು ಪೂರ್ತಿ ಕರಗಿಹೋಯಿತು, ತೇವಾಂಶ ಏರಿತು, ಮಾತ್ರೆಗಳು ಮೆತ್ತಗಾಗಿ ಕೂತವು. ತಳದಲ್ಲಿ ಕರಗದ ಉಪ್ಪು ಉಳಿದಿರಲೇಬೇಕು, ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಮರೆತಿದ್ದೆ ನೋಡಿ.

ಎರಡನೇ ಸಲ ಸರಿಯಾಯಿತು. ಒಂದು ಬಟ್ಟಲಲ್ಲಿ ಬಿಡಿ ಮಾತ್ರೆ, ಪಕ್ಕದಲ್ಲಿ ಸ್ಟ್ರಿಪ್‌ನಲ್ಲೇ ಇದ್ದವು. ಎರಡು ತಿಂಗಳು ಬಿಟ್ಟು ಎರಡನ್ನೂ ಬೇರೆ ಬೇರೆ ಪುಡಿ ಮಾಡಿ, ತಣ್ಣೀರಲ್ಲಿ ಕಲಕಿ, ಸೋಸಿ, ಒಂದೊಂದು ಹನಿ ಫೆರಿಕ್ ಕ್ಲೋರೈಡ್ ಬಿಟ್ಟೆ. ಬಿಸಿ ನೀರು ಹಾಕಬಾರದು, ಅದರಲ್ಲೇ ಆಸ್ಪಿರಿನ್ ಒಡೆದು ನಮಗೇ ಮೋಸವಾಗುತ್ತದೆ. ನೀರು ತಾಕಿದರೆ ಆಸ್ಪಿರಿನ್ ನಿಧಾನವಾಗಿ ಸ್ಯಾಲಿಸಿಲಿಕ್ ಆಮ್ಲ, ಅಸಿಟಿಕ್ ಆಮ್ಲ ಅಂತ ಎರಡಾಗುತ್ತದೆ. ಡಬ್ಬಿಯ ಆ ವಿನೆಗರ್ ವಾಸನೆ ಎರಡನೆಯದ್ದು. ಮೊದಲನೆಯದ್ದು ಫೆರಿಕ್ ಕ್ಲೋರೈಡ್ ಜೊತೆ ನೇರಳೆ ಬಣ್ಣ ಕೊಡುತ್ತದೆ.

ಬಿಡಿ ಮಾತ್ರೆಯದ್ದು ಕಡು ನೇರಳೆ. ಸ್ಟ್ರಿಪ್‌ನದ್ದರಲ್ಲೂ ನೇರಳೆ ಪೂರ್ತಿ ಇಲ್ಲದೇ ಇರಲಿಲ್ಲ, ಎಲ್ಲೋ ಸ್ವಲ್ಪ ತಿಳಿಯಾಗಿ ಇತ್ತು. ಅಪ್ಪ ಫೋಟೋ ನೋಡಿ ಅದನ್ನೇ ಹಿಡಿದರು: "ಹಾಗಾದ್ರೆ ಇದೂ ಕೆಟ್ಟಿದೆ ಅಲ್ವಾ?" ಒಳ್ಳೇ ಪ್ರಶ್ನೆ. ಸ್ಟೇಬಲ್ ಅಂದರೆ ಬದಲಾಗುವುದೇ ಇಲ್ಲ ಅಂತಲ್ಲ, ಹೇಳಿದ ಜಾಗದಲ್ಲಿ, ಹೇಳಿದ ಪ್ಯಾಕ್‌ನಲ್ಲಿ ಇಟ್ಟರೆ ಎಕ್ಸ್‌ಪೈರಿ ತಾರೀಕಿನವರೆಗೆ ಆ ಬದಲಾವಣೆ ಮಿತಿ ದಾಟಲ್ಲ ಅಂತ. ಅಪ್ಪನ ಡಬ್ಬಿಗೆ ಆ ತಾರೀಕು ಅನ್ವಯಿಸುವುದೇ ಇಲ್ಲ, ಯಾಕೆಂದರೆ ಕುಕ್ಕರ್ ಪಕ್ಕ ಬಿಡಿಸಿಟ್ಟ ಮಾತ್ರೆಯನ್ನು ಯಾರೂ ಪರೀಕ್ಷೆ ಮಾಡಿಲ್ಲ.

ಈಗ ಡಬ್ಬಿ ಬೆಡ್‌ರೂಮಿನ ಬೀರುವಿಗೆ ಬಂದಿದೆ. ಸ್ಟ್ರಿಪ್‌ಗಳನ್ನು ಹಾಗೇ ಮಡಚಿ ತುರುಕಿರುತ್ತಾರೆ, ಮುಚ್ಚಳ ಮಾತ್ರ ಕೂರುವುದಿಲ್ಲ.